ದಹಿಸರದಲ್ಲಿ ಅರಿಶಿನ ಹಚ್ಚಿದ ಚೀಲಗಳು

ತುಮಕೂರು

ಹೊರಟ ದಿನ ಮಾಡಿದ ಕೆಲಸಗಳು ಇಷ್ಟು. ಹಾಲು ಕಾಯಿಸಿ ಹೆಪ್ಪು ಹಾಕಿದೆ. ಅತ್ತೆಯವರ ಸೀರೆ ಒಗೆದು ಹರವಿದೆ. ಮೆಂತ್ಯದ ಹಿಟ್ಟು ಜರಡಿ ಹಿಡಿದೆ. ಹುಳಿಪುಡಿ ಡಬ್ಬಕ್ಕೆ ಚೀಟಿ ಅಂಟಿಸಿದೆ. ಸಾರಿನಪುಡಿಗೆ ಅಂಟಿಸಲಿಲ್ಲ, ಒಂದು ಗೊತ್ತಾದರೆ ಇನ್ನೊಂದು ತಾನೇ ಗೊತ್ತಾಗುತ್ತದೆ. ತುಳಸಿಗೆ ನೀರು ಹಾಕುವುದನ್ನು ಮರೆಯಬೇಡಿ ಎಂದು ಯಜಮಾನರಿಗೆ ಹೇಳಿದ್ದನ್ನೇ ಹೇಳಿದೆ. ಹಪ್ಪಳದ ಕಟ್ಟು ಬಿಗಿದೆ. ಕೊನೆಗೆ ಬೀರುವಿನ ಕೆಳಗಿನ ಖಾನೆ ತೆಗೆದು, ತಂಗಿಗೆ ಒಯ್ಯುವ ಸಾಮಾನನ್ನೆಲ್ಲ ಮದುವೆ ಚೀಲಗಳಿಗೆ ತುಂಬಿದೆ.

ಮದುವೆ ಚೀಲ ಎಂದರೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಡು ಹೆಣ್ಣಿನ ಹೆಸರು ಅಚ್ಚು ಹಾಕಿಸಿ, ತೆಂಗಿನಕಾಯಿ ತಾಂಬೂಲ ಇಟ್ಟು ಕೊಡುತ್ತಾರಲ್ಲ, ಆ ಬಟ್ಟೆ ಚೀಲ. ಮಾರನೆಯ ದಿನದಿಂದ ಅದು ತರಕಾರಿ ಚೀಲ. ಸಂಜೆ ಹೊತ್ತು ನಮ್ಮ ಮಾರ್ಕೆಟ್ಟಿನಲ್ಲಿ ನಿಂತರೆ ಊರಿನಲ್ಲಿ ಯಾರ ಮದುವೆ ಯಾರ ಜೊತೆ ಆಯಿತೆಂದು ಚೀಲ ನೋಡಿಯೇ ಹೇಳಬಹುದು. ಕೆಲವರ ಸಂಸಾರಕ್ಕಿಂತ ಅವರ ಚೀಲ ಗಟ್ಟಿ ಬಂದದ್ದೂ ಉಂಟು.

ಹೊರಟಿದ್ದು ಬೊಂಬಾಯಿಗೆ. ತಂಗಿ ವಿಶಾಲು ಮದುವೆಯಾಗಿ ಅಲ್ಲಿಗೆ ಹೋಗಿ ಎಷ್ಟೋ ವರ್ಷವಾಗಿದ್ದರೂ ನಾನು ಅವಳ ಮನೆಯ ಹೊಸಿಲು ದಾಟಿರಲಿಲ್ಲ. ಬೊಂಬಾಯಿಗೆ ಪಾಸ್‌ಪೋರ್ಟ್ ಬೇಡ, ನಿಜ. ಆದರೆ ಗುಂತಕಲ್ಲಿನಲ್ಲಿ ಕಾಫಿ ಮಾರುವವನ ಮಾತು ಬದಲಾಯಿತು, ಸೊಲ್ಲಾಪುರ ಬರುವಷ್ಟರಲ್ಲಿ ಕಾಫಿಯೇ ಹೋಗಿ ಚಹಾ ಆಯಿತು, ಪುಣೆ ಕಳೆದ ಮೇಲೆ ನನ್ನ ಕನ್ನಡಕ್ಕೆ ಉತ್ತರ ಕೊಡುವವರೇ ಇಲ್ಲದೆ ಹೋದರು. ನನ್ನ ಪಾಲಿಗೆ ಅದು ಪರದೇಶವೇ.

ದಾದರ್

ಬೆಳಗ್ಗೆ ಸೇರಬೇಕಾದ ಗಾಡಿ ಸಂಜೆ ಸೇರಿತು. ವಿಶಾಲು ಮತ್ತು ಅವಳ ಗಂಡ ಮೂರ್ತಿ ಪ್ಲಾಟ್‌ಫಾರಂ ಮೇಲೆ ಕಾದು ಕಾದು ಬಾಡಿಹೋಗಿದ್ದರು. ಮೂರ್ತಿಗೆ ಫೋರ್ಟಿನಲ್ಲಿ ಬ್ಯಾಂಕ್ ಕೆಲಸ. ನನ್ನ ಟ್ರಂಕು ಹೆಗಲಿಗೇರಿಸಿಕೊಂಡು ಹೇಳಿದರು:

"ಅಕ್ಕಾ, ಲೋಕಲ್‌ಗೆ ನಾವಾಗಿ ಹತ್ತೋ ಹಾಗಿಲ್ಲ. ಸುಮ್ಮನೆ ಬಾಗಿಲ ಎದುರು ನಿಂತ್ಕೊಳ್ಳಿ, ಹಿಂದಿನವರು ಹತ್ತಿಸ್ತಾರೆ."

ಹಾಗೇ ಆಯಿತು. ಒಂದು ಚಪ್ಪಲಿ ಕಳಚಿ ಕೆಳಗೆ ಬೀಳುವುದರಲ್ಲಿತ್ತು. ಯಾರೋ ಹೆಂಗಸು ಅದನ್ನು ಕಾಲಿನಿಂದಲೇ ಒಳಕ್ಕೆ ತಳ್ಳಿ, ನನ್ನನ್ನೂ ತಳ್ಳಿದಳು.

ಹೆಂಗಸರ ಡಬ್ಬಿಯ ಒಳಗೆ ನೋಡಿದರೆ ಅಡಿಗೆಮನೆ. ಎದುರು ಸೀಟಿನವಳು ತೊಡೆಯ ಮೇಲೆ ಪೇಪರ್ ಹಾಸಿಕೊಂಡು ಗೋರಿಕಾಯಿ ನಾರು ತೆಗೆಯುತ್ತಿದ್ದಳು. ಪಕ್ಕದವಳು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಆಫೀಸು ಮುಗಿಸಿ ಬರುವವರು, ಮನೆ ಸೇರಿದ ತಕ್ಷಣ ಒಲೆ ಹಚ್ಚಬೇಕು. ತರಕಾರಿ ಸೋಸುವುದೆಲ್ಲ ರೈಲಿನಲ್ಲೇ. ಸುಮ್ಮನೆ ಕೂತು ನನಗೆ ಅಭ್ಯಾಸವಿಲ್ಲ. ಗೋರಿಕಾಯಿಗೆ ಕೈ ಚಾಚಿದೆ. ಆಕೆ ನನ್ನ ಮುಖವನ್ನೂ ನೋಡದೆ ಒಂದು ಹಿಡಿ ಕೊಟ್ಟಳು. ಮಾತಿಲ್ಲದೆ ನಾವು ನಾಲ್ಕಾರು ಸ್ಟೇಷನ್ ದಾಟಿದೆವು. ಎಲ್ಲ ಮುಗಿದ ಮೇಲೆ ಆಕೆ ನಾರು, ತುದಿಗಳನ್ನೆಲ್ಲ ಒಂದು ತೆಳ್ಳಗಿನ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಗಂಟು ಹಾಕಿ, ಕಿಟಕಿಯ ಸರಳಿನ ಸಂದಿಯಿಂದ ಆಚೆ ದಬ್ಬಿದಳು.

"ಎಲ್ಲಿ ಹೋಗುತ್ತೆ ಅದು?" ಎಂದು ವಿಶಾಲೂನ ಕೇಳಿದೆ.

"ಎಲ್ಲೋ ಹೋಗುತ್ತಕ್ಕ," ಎಂದಳು.

ಎಲ್ಲಿ ಹೋಗುತ್ತದೆಂದು ನನಗೆ ಗೊತ್ತಾದದ್ದು ಅವಳ ಮನೆಯ ಹಿಂದೆಯೇ.

ದಹಿಸರ್

ವಿಶಾಲು ಇರುವುದು ಎರಡನೆಯ ಮಹಡಿಯಲ್ಲಿ. ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಸಾಮಾನು ಬಿಚ್ಚಿದ್ದಳು. ಚಟ್ನಿಪುಡಿ, ಹಪ್ಪಳ ಎಲ್ಲ ಒಂದು ಕಡೆ ಬಿದ್ದಿದ್ದವು. ಅವಳು ಖಾಲಿ ಚೀಲಗಳನ್ನು ತೊಡೆಯ ಮೇಲೆ ಹರಡಿಕೊಂಡು ಹೆಸರು ಓದುತ್ತಿದ್ದಳು.

"ಪದ್ದು ಮಗಳದ್ದು ಆಯ್ತಾ? ಇದ್ಯಾರು ಗಂಡು? ನನಗೆ ಯಾರೂ ಹೇಳಲೇ ಇಲ್ಲವಲ್ಲ."

"ಪತ್ರಿಕೆ ಕಳಿಸಿದ್ರಂತೆ."

"ಬಂದಿರುತ್ತೆ. ಎಲ್ಲಿ ಹೋಗೋಕಾಗುತ್ತೆ," ಎಂದು ಚೀಲ ಮಡಚಿಟ್ಟಳು. ತಪ್ಪಿಹೋದ ಮದುವೆಗಳನ್ನೆಲ್ಲ ಅವಳು ಹೀಗೆ ಒಂದೇ ಸಂಜೆಯಲ್ಲಿ ಮುಗಿಸಿದಳು.

ಅವಳ ಅಡಿಗೆಮನೆ ಬಾಗಿಲ ಹಿಂದೆ ಒಂದು ಮೊಳೆ. ಅದಕ್ಕೊಂದು ಪ್ಲಾಸ್ಟಿಕ್ ಚೀಲ. ಅದರ ಹೊಟ್ಟೆಯೊಳಗೆ ಉಬ್ಬುವಷ್ಟು ಇನ್ನೂ ಪ್ಲಾಸ್ಟಿಕ್ ಚೀಲಗಳು. ಮಾರನೆಯ ಬೆಳಗ್ಗೆ ಬಿಲ್ಡಿಂಗಿನ ಕೆಳಗೆ ಬರುವ ತರಕಾರಿ ಗಾಡಿಯ ಭಯ್ಯಾನ ಹತ್ತಿರ ಹೋದಾಗ ಅವು ಹುಟ್ಟುವ ಬಗೆ ನೋಡಿದೆ. ಬೆರಳನ್ನು ನಾಲಿಗೆಗೆ ತಾಗಿಸಿ, ಒಂದು ಚೀಲ ಎಳೆದು, ಫೂ ಎಂದು ಊದಿ ಬಾಯಿ ಬಿಡಿಸುತ್ತಾನೆ. ಮೆಣಸಿನಕಾಯಿಗೊಂದು, ಟೊಮೇಟೊಗೊಂದು, ಪುಕ್ಕಟೆ ಕೊಟ್ಟ ಕೊತ್ತಂಬರಿಗೂ ಒಂದು. ನಾನು ಎಂದೋ ಪರೀಕ್ಷೆಗೆ ಓದಿದ್ದ ಹಿಂದಿಯಲ್ಲಿ, "ಶ್ರೀಮಾನ್, ಹಮಾರೇ ಪಾಸ್ ಥೈಲಾ ಹೈ," ಎಂದು ಮದುವೆ ಚೀಲ ಚಾಚಿದೆ. ಶ್ರೀಮಾನ್ ಅನ್ನಿಸಿಕೊಂಡು ಗಾಬರಿಯಾದ ಭಯ್ಯಾ ತರಕಾರಿಯನ್ನು ಪ್ಲಾಸ್ಟಿಕ್ಕಿಗೆ ಹಾಕಿ, ಪ್ಲಾಸ್ಟಿಕ್ಕನ್ನು ನನ್ನ ಚೀಲದೊಳಗೆ ಇಟ್ಟು ಕೈ ಮುಗಿದ.

ಅಲ್ಲಿಂದ ವಿಶಾಲು ನನ್ನನ್ನು ನೆಲಮಹಡಿಯ ಸುಲಭಾ ಕಾಕು ಮನೆಗೆ ಕರೆದುಕೊಂಡು ಹೋದಳು. ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ವಿಶಾಲು ಹೊಸದಾಗಿ ಬಂದಾಗ ಲೋಕಲ್ ಹತ್ತುವುದನ್ನು ಕಲಿಸಿದವರು ಇವರು. ಮಗಳು ಸ್ಮಿತಾ ಹುಟ್ಟಿದಾಗ ನಮ್ಮ ಅಮ್ಮನಿಗೆ ಕಾಯಿಲೆ, ಬರಲಾಗಲಿಲ್ಲ. ಬಾಣಂತನ ಮಾಡಿದವರೂ ಇವರೇ. ಕಾಲಿನಿಂದ ತುಳಿಯುವ ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ, ಸೀರೆಗೆ ಫಾಲ್ ಹೊಲಿದುಕೊಡುತ್ತಾರೆ. ಅವರ ಯಜಮಾನರನ್ನು ಎಲ್ಲರೂ ಕಾಕಾ ಅನ್ನುತ್ತಾರೆ. ಅವರು ಪೇಪರಿನ ಹಿಂದೆ ಇರುತ್ತಾರೆ.

ಕಾಕು ನನಗೆ ಗೋಡೆ ತೋರಿಸಿದರು. ಮೊಣಕಾಲೆತ್ತರಕ್ಕೆ ಒಂದು ಕಂದು ಗೆರೆ, ಅದರ ಮೇಲೆ ಇನ್ನೊಂದು.

"ಇದು ಆಚೆ ವರ್ಷದ ಮಳೆಗಾಲದ್ದು. ಇದು ಹೋದ ವರ್ಷದ್ದು," ಎಂದರು, ಮಕ್ಕಳು ಎತ್ತರವಾದದ್ದನ್ನು ಗೋಡೆಯ ಮೇಲೆ ಗುರುತು ಹಾಕಿ ತೋರಿಸುವವರ ಹಾಗೆ. ಅವರ ಮಾತನ್ನು ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವರು ಹೇಳಿದ್ದು ಮರಾಠಿ ಬೆರೆತ ಹಿಂದಿಯಲ್ಲಿ, ಅರ್ಧ ಕೈಯಲ್ಲಿ.

ಬಿಲ್ಡಿಂಗಿನ ಹಿಂದೆ ಗಟಾರ. ಮೇಲಿನ ಮನೆಗಳವರು ಕಸವನ್ನು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಹಿಂದಿನ ಕಿಟಕಿಯಿಂದ ಎಸೆಯುತ್ತಾರೆ. ಚೀಲಗಳು ಹೋಗಿ ಮೋರಿಯ ಬಾಯಿಗೆ ಕೂರುತ್ತವೆ. ಜೋರು ಮಳೆಯ ಹೊತ್ತಿಗೇ ಸಮುದ್ರದ ಭರತಿಯೂ, ಅಂದರೆ ಉಬ್ಬರವೂ, ಬಂದರೆ ನೀರು ಹಿಂದಕ್ಕೆ ಒತ್ತಿ ಕಾಕು ಮನೆಗೆ ನುಗ್ಗುತ್ತದೆ.

"ನಾಶಿಕದಲ್ಲಿ ಮಗಳಿದ್ದಾಳೆ. ಈ ಮಳೆಗೂ ನೀರು ಬಂದರೆ ಮನೆ ಮಾರಿ ಬಂದುಬಿಡಿ ಅಂದಿದ್ದಾಳೆ. ನಾನೂ ಹ್ಞೂಂ ಅಂದಿದ್ದೀನಿ." ಅಟ್ಟದ ಮೇಲೆ ಕಟ್ಟಿಟ್ಟ ಎರಡು ಟ್ರಂಕು ತೋರಿಸಿದರು.

ಮೆಟ್ಟಿಲು ಹತ್ತುವಾಗ ವಿಶಾಲು ಹೇಳಿದಳು: "ಕಾಕು ಹೋದ್ರೆ ನಾನಿಲ್ಲಿ ಹೊಟ್ಟೆನೋವು ಅಂತ ಯಾರ ಹತ್ರ ಹೇಳ್ಕೊಳ್ಳಲಿ ಅಕ್ಕಾ. ಆ ಮೂರನೇ ಮಹಡಿಯ ಜಸುಬೆನ್‌ಗೆ ಎಷ್ಟು ಸಲ ಹೇಳಿದ್ದೀನಿ, ಎಸೀಬೇಡಿ ಅಂತ."

ಮನೆಯಲ್ಲಿ ಸ್ಮಿತಾ ಜಡೆ ಹಾಕಿಕೊಳ್ಳುತ್ತಿದ್ದಳು. ಒಂಬತ್ತನೇ ಕ್ಲಾಸಿನ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಆಡುವಾಗ ಎಡವುತ್ತದೆ. "ದೊಡ್ಡಮ್ಮ, ಮಮ್ಮಿ ಭೀ ಎಸೆಯುತ್ತೆ. ಕಭೀ ಕಭೀ," ಎಂದಳು.

ವಿಶಾಲು ತಲೆ ತಗ್ಗಿಸಿದಳು. "ಮಳೆಗಾಲದಲ್ಲಿ ಎಸೆಯಲ್ಲ ಕಣೇ."

"ಗಟಾರಕ್ಕೆ ಬೇಸಿಗೆ, ಮಳೆಗಾಲ ಅಂತ ಗೊತ್ತಾಗುತ್ತೇನೆ ವಿಶಾಲು?" ಎಂದೆ.

ಅವತ್ತು ಅವಳು ಬಾಗಿಲ ಹಿಂದಿನ ಮೊಳೆಯನ್ನು ತುಂಬ ಹೊತ್ತು ನೋಡುತ್ತಿದ್ದಳು. ರೊಟ್ಟಿಗೆ ಹಿಟ್ಟು ಕಲಸುತ್ತಾ ಒಂದು ಸಲ ತನಗೆ ತಾನೇ ಎಂಬಂತೆ ಹೇಳಿದಳು: "ಬರೋದನ್ನೇ ನಿಲ್ಲಿಸಬೇಕು. ಚೀಲ ಮನೆಗೇ ಬರದಿದ್ರೆ ಕಿಟಕಿಯಿಂದ ಎಸೆಯೋದಾದ್ರೂ ಏನನ್ನ? ಕಸದ ಬಕೆಟ್ ಬಾಗಿಲಲ್ಲಿಟ್ರೆ ಕಚರಾವಾಲಾ ದಿನಾ ಒಯ್ತಾನೆ. ಎಲ್ಲರ ಮನೆಗೂ ಒಂದೊಂದು ಬಟ್ಟೆ ಚೀಲ ಕೊಟ್ಟುಬಿಡೋಣ ಅಕ್ಕಾ, ನಮ್ಮೂರಿನ ಹಾಗೆ."

"ಅಷ್ಟು ಬಟ್ಟೆ?"

ಮೂರ್ತಿ ತಟ್ಟೆಯಿಂದ ತಲೆಯೆತ್ತಿದರು. "ನಮ್ಮ ಮಾಧವಣ್ಣನ ಹೋಟೆಲಲ್ಲಿ ಮೈದಾ ಚೀಲ ಬಿದ್ದಿರುತ್ತೆ."

ಫೋರ್ಟ್

ಶನಿವಾರ ಅರ್ಧ ದಿನ. ಮೂರ್ತಿಯ ಬ್ಯಾಂಕು ಮುಗಿಯುವ ಹೊತ್ತಿಗೆ ನಾವಿಬ್ಬರೂ ಹೋದೆವು. ಹಳೇ ಕಲ್ಲಿನ ಕಟ್ಟಡಗಳು, ಕರಿಕೋಟಿನ ವಕೀಲರು, ಮೂಲೆಯಲ್ಲಿ ನಮ್ಮ ಉಡುಪಿ ಕಡೆಯವರ ಹೋಟೆಲು. ಗಲ್ಲಾದಲ್ಲಿ ಮಾಧವಣ್ಣ.

"ತುಮಕೂರಾ ನೀವು? ತಟ್ಟೆ ಇಡ್ಲಿ ತಿನ್ನುವವರು. ನಮ್ಮ ಇಡ್ಲಿ ನಿಮಗೆ ಮಕ್ಕಳ ಆಟದ ಸಾಮಾನು ಹಾಗೆ ಕಾಣಬಹುದು," ಎಂದು ಅವರೇ ಎರಡು ತಟ್ಟೆ ಕಳಿಸಿದರು.

ಚೀಲದ ವಿಷಯ ಕೇಳಿ ನಕ್ಕರು. "ಬೇಕಾದಷ್ಟು ಉಂಟು, ತಕ್ಕೊಂಡು ಹೋಗಿ ಅಕ್ಕ. ಮೊದಲೆಲ್ಲ ಪಾರ್ಸೆಲ್ಲಿಗೆ ಕ್ಯಾರಿಯರ್ ತರ್ತಿದ್ದರು. ಈಗ ಕೈ ಬೀಸಿಕೊಂಡು ಬರುವುದು, ಸಾಂಬಾರನ್ನೂ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಅನ್ನುವುದು. ಬಿಸಿ ಸಾಂಬಾರು ಮಾರಾಯ್ರೆ. ನನಗೇ ಹೆದರಿಕೆ ಆಗ್ತದೆ."

ಹಿಂದಿನ ಕೋಣೆಯಿಂದ ಒಂದು ದೊಡ್ಡ ಗಂಟೇ ಸಿಕ್ಕಿತು. ದಪ್ಪ ಬಿಳಿ ಬಟ್ಟೆ. ಮೇಲೆ ನೀಲಿ ಬಣ್ಣದ ನವಿಲು, ಅದರ ಕೆಳಗೆ ತೊಂಬತ್ತು ಕಿಲೋ ಎಂಬ ಮುದ್ರೆ. ಚೆನ್ನಾಗಿ ಒದರಿ ಕಟ್ಟಬೇಕಿತ್ತು. ನಮಗೆ ತೋಚಲಿಲ್ಲ. ಚರ್ಚ್‌ಗೇಟಿನಲ್ಲಿ ಲೇಡೀಸ್ ಡಬ್ಬಿಗೆ ಗಂಟಿನ ಸಮೇತ ನಮ್ಮನ್ನು ಹತ್ತಿಸಿದ ರಭಸಕ್ಕೆ ಸೀಮೆಸುಣ್ಣದ ಹಾಗೆ ಮೈದಾ ಎದ್ದಿತು. ನೀಲಿ ಸೀರೆಯ ಒಬ್ಬಾಕೆ ಸೆರಗು ಕೊಡವುತ್ತಾ, "ಹೋಳಿ ಮುಗಿದು ಎಷ್ಟು ದಿನ ಆಯ್ತು ತಾಯಿ, ನಿಮ್ಮೂರಲ್ಲಿ ಈಗ ಬಂತಾ?" ಎಂದಳು. ಡಬ್ಬಿಯೆಲ್ಲ ನಕ್ಕಿತು. ಸಾಂತಾಕ್ರೂಜ್ ಬರುವಷ್ಟರಲ್ಲಿ ಅದೇ ಹೆಂಗಸು ನಮ್ಮ ಗಂಟಿನ ಮೇಲೇ ಕೂತು ತೂಕಡಿಸುತ್ತಿದ್ದಳು.

ದಹಿಸರ್, ಚೈತ್ರಗೌರಿ

ಮೈದಾ ಚೀಲದ ಹೊಲಿಗೆಗೆ ಒಂದು ಗುಟ್ಟಿದೆ. ಸರಿಯಾದ ತುದಿ ಸಿಕ್ಕಿ ಎಳೆದರೆ ಇಡೀ ದಾರ ಸರ್ರನೆ ಬಿಚ್ಚಿಕೊಳ್ಳುತ್ತದೆ. ತಪ್ಪು ತುದಿ ಎಳೆದರೆ ಗಂಟೇ ಗಂಟು. ನಾನು ಬಿಚ್ಚಿದೆ, ವಿಶಾಲು ನೆನೆಸಿ ಒಗೆದಳು, ಸ್ಮಿತಾ ಗೆರೆ ಎಳೆದು ಕತ್ತರಿಸಿದಳು, ಕಾಕು ಮಿಷನ್ ತುಳಿದರು. ಒಂದು ಮೈದಾ ಚೀಲಕ್ಕೆ ಎರಡು ಕೈಚೀಲ. ಹಾಗಾಗಿ ಒಂದಕ್ಕೆ ನವಿಲಿನ ತಲೆ, ಇನ್ನೊಂದಕ್ಕೆ ಬಾಲ.

ಕೊಡುವುದು ಹೇಗೆ? ಮನೆ ಮನೆಗೆ ಹೋಗಿ ಕೊಟ್ಟರೆ ಬುದ್ಧಿ ಹೇಳಲು ಬಂದರು ಅಂದುಕೊಳ್ಳುತ್ತಾರೆ. ಆ ವಾರ ಕಾಕು ಮನೆಯಲ್ಲಿ ಚೈತ್ರಗೌರಿಯ ಅರಿಶಿನ ಕುಂಕುಮ ಇತ್ತು. ಚೈತ್ರ ತದಿಗೆಗೆ ಬಂದ ಗೌರಿಯನ್ನು ಅಕ್ಷಯ ತೃತೀಯದವರೆಗೂ ಉಯ್ಯಾಲೆಯಲ್ಲಿ ಕೂರಿಸಿ, ನಡುವೆ ಒಂದು ದಿನ ಹೆಂಗಸರನ್ನು ಕರೆದು, ಮಾವಿನಕಾಯಿ ಹಾಕಿದ ಕಡಲೆಬೇಳೆ ಕೋಸಂಬರಿ, ಪಾನಕ, ನೆನೆಸಿದ ಕಡಲೆಕಾಳು ಕೊಡುವುದು ಅವರ ಪದ್ಧತಿ. ನಮ್ಮ ಗೌರಿಯ ತಂಗಿಯೇ ಅನ್ನಿ. "ಕಡಲೆಕಾಳನ್ನು ಈ ಚೀಲದಲ್ಲೇ ಹಾಕಿ ಕೊಡೋಣ. ನಮ್ಮಲ್ಲಿ ತಾಂಬೂಲದ ಚೀಲ ನಾಳೆಯಿಂದಲೇ ಮಾರ್ಕೆಟ್ಟಿಗೆ ಹೋಗುತ್ತೆ," ಎಂದೆ. ಎಲ್ಲರಿಗೂ ಒಪ್ಪಿಗೆಯಾಯಿತು.

ಹಿಂದಿನ ಸಂಜೆ ನಾನೊಬ್ಬಳೇ ಕೂತು ಒಂದೊಂದು ಚೀಲದ ಮೂಲೆಗೂ ಅರಿಶಿನ, ಅದರ ಮೇಲೆ ಕುಂಕುಮ ಹಚ್ಚಿದೆ. ಹೊಸ ಬಟ್ಟೆಯನ್ನು ಅರಿಶಿನ ಮುಟ್ಟಿಸದೆ ಯಾರಿಗಾದರೂ ಕೊಡುವುದುಂಟೆ. ನಮ್ಮ ಮನೆಯಲ್ಲಿ ಬನೀನಿಗೂ ಹಚ್ಚುತ್ತೇವೆ. ಕಾಕು ನೋಡಿ "ಕಿತೀ ಛಾನ್," ಎಂದು ಮೆಚ್ಚಿದರು.

ಹೆಂಗಸರೆಲ್ಲ ಬಂದರು. ನಿನಗೆ ತಲೆ ಬಂತಾ, ನನಗೆ ಬಾಲ ಬಂತು ಎಂದು ನಗೆಯಾಡಿದರು. ಕಾಕು ಹಿಂದಿನ ಕಿಟಕಿ ತೆರೆದು ಗಟಾರ ತೋರಿಸಿ, ಇನ್ನು ಮೇಲೆ ತರಕಾರಿಗೆ ಇದೇ ಚೀಲ, ನನಗಾಗಿ, ಎಂದರು. ಎಲ್ಲರೂ ಹ್ಞೂಂ ಎಂದರು. ಮೂರನೇ ಮಹಡಿಯ ಜಸುಬೆನ್ ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಅವಳನ್ನು ನೋಡಿ ಉಳಿದವರೂ ಒತ್ತಿಕೊಂಡರು. ನನಗೆ ಆಗಲೇ ತಿಳಿಯಬೇಕಿತ್ತು.

ದಹಿಸರ್, ಆಮೇಲೆ

ಮರುದಿನ ಬೆಳಗ್ಗೆ ನಾನೂ ವಿಶಾಲೂ ಬಾಲ್ಕನಿಯಲ್ಲಿ ನಿಂತೆವು. ಕೆಳಗೆ ಭಯ್ಯಾ ಫೂ ಎಂದು ಊದುತ್ತಿದ್ದ. ಒಬ್ಬೊಬ್ಬರೂ ಕೈಬೆರಳಿಗೆ ಪ್ಲಾಸ್ಟಿಕ್ ಸಿಕ್ಕಿಸಿಕೊಂಡು ಹಿಂದಿರುಗಿದರು. ಅದರ ಮರುದಿನವೂ ಹಾಗೇ. ನವಿಲಿನ ತಲೆಯೂ ಇಲ್ಲ, ಬಾಲವೂ ಇಲ್ಲ. ಮಧ್ಯಾಹ್ನ ಹಿಂದಿನ ಗಟಾರದಲ್ಲಿ ಥಪ್ ಎಂಬ ಸದ್ದು.

"ಮೈದಾ ಚೀಲ ಅಂತ ತಾತ್ಸಾರ ಅಕ್ಕಾ," ಎಂದಳು ವಿಶಾಲು. "ಎದುರಿಗೆ ಕಣ್ಣಿಗೊತ್ತಿಕೊಳ್ಳೋದು, ಹಿಂದಿನಿಂದ ಎಸೆಯೋದು. ನಮ್ಮದು ಮದ್ರಾಸಿಗಳ ಚೀಲ ಅಲ್ವಾ." ಜಸುಬೆನ್ ಮೆಟ್ಟಿಲಲ್ಲಿ ಎದುರಾದರೆ ಮುಖ ತಿರುಗಿಸತೊಡಗಿದಳು. ಆ ಹೆಂಗಸು ಏನೂ ತಿಳಿಯದೆ ನನ್ನನ್ನು ನೋಡುತ್ತಿದ್ದಳು.

ಹೀಗಿರುವಾಗ ಒಂದು ಬೆಳಗ್ಗೆ ನಾನು ಮೊಸರು ತರಲು ಇಳಿದೆ. ಬಾಗಿಲ ಎದುರು ಕಾಕು. ಅವರ ಒಂದು ಕೈಯಲ್ಲಿ ಈರುಳ್ಳಿಯ ಪ್ಲಾಸ್ಟಿಕ್ ಚೀಲ, ಇನ್ನೊಂದರಲ್ಲಿ ಆಲೂಗಡ್ಡೆಯ ಪ್ಲಾಸ್ಟಿಕ್ ಚೀಲ.

ಯಾರ ಮನೆಗೆ ನೀರು ನುಗ್ಗುತ್ತದೋ, ಯಾರು ಕೂತು ಅಷ್ಟೂ ಚೀಲ ಹೊಲಿದರೋ, ಅವರ ಕೈಯಲ್ಲೇ. "ಕಾಕು, ಥೈಲಾ?" ಎಂದೆ.

"ಇದೆಯಲ್ಲ," ಎಂದು ಒಳಗೆ ಕೈ ತೋರಿಸಿದರು. ಉಯ್ಯಾಲೆಯ ಗೌರಿಯ ಪಕ್ಕದಲ್ಲಿ, ಮಡಿಕೆ ಮುರಿಯದ ಹಾಗೆ, ನವಿಲಿನ ಬಾಲ. ಮೇಲೊಂದು ದುಂಡುಮಲ್ಲಿಗೆ ಹೂವು.

"ಅದರಲ್ಲಿ ಕಾಂದಾ ಬಟಾಟಾ ಹಾಕಲಾ? ಹಳದಿ ಕುಂಕುಮ ಹಚ್ಚಿದ್ದೀರಿ ನೀವು. ಅದು ಗೌರಿಯದು. ನಾನು ಅಂದುಕೊಂಡೆ, ತರಕಾರಿಗೆ ಬೇರೆ ಹೊಲಿಯೋಣ ಅಂತೀರೇನೋ ಎಂದು. ಕೇಳಲು ಸಂಕೋಚವಾಯಿತು."

ನಾನು ವಿಶಾಲೂನ ಕೂಗಿದೆ. ಇಬ್ಬರೂ ಸೀದಾ ಮೂರನೇ ಮಹಡಿಗೆ ಹೋದೆವು. ಜಸುಬೆನ್ ಚೀಲವನ್ನು ದೇವರ ಪಟದ ಕೆಳಗಿಟ್ಟು ಅದರೊಳಗೆ ಜಪಮಾಲೆ ಇಟ್ಟಿದ್ದಳು. ಮೊದಲನೇ ಮಹಡಿಯಾಕೆ ಸ್ಟೀಲ್ ಕಪಾಟಿನಲ್ಲಿ ಮದುವೆ ಸೀರೆಯ ಜೊತೆ ಇಟ್ಟಿದ್ದಳು. ಅವರ ಮನೆಯಲ್ಲಿ ಮೀನು ತಿನ್ನುತ್ತಾರೆ. ಬೊಂಬಿಲ್ ಮೀನು ತರಲು ಅರಿಶಿನ ಹಚ್ಚಿದ ಚೀಲ ಒಯ್ಯುವುದು ಹೇಗೆ ಎಂದು ಅವಳೇ ನನ್ನನ್ನು ಕೇಳಿದಳು. ನಾನು ಬನೀನಿಗೆ ಹಚ್ಚುವ ಅರಿಶಿನ ಇಲ್ಲಿ ಒಂದೊಂದು ಚೀಲವನ್ನೂ ದೇವರ ಮನೆಗೆ ಸೇರಿಸಿತ್ತು. ವಿಶಾಲು ಜಸುಬೆನ್ ಮನೆಯ ಹೊಸಿಲ ಮೇಲೆ ಕೂತು ನಕ್ಕಳು, ನಕ್ಕು ಕಣ್ಣೊರೆಸಿಕೊಂಡಳು. ಜಸುಬೆನ್ ಅವಳಿಗೆ ನೀರು ತಂದುಕೊಟ್ಟಳು.

ಎಲ್ಲರೂ ಕಾಕು ಮನೆಯಲ್ಲಿ ಸೇರಿದರು. "ಒಗೆದುಬಿಟ್ಟರೆ ಆಯಿತು," ಎಂದೆ. ಒ‌ಮ್ಮೆಗೇ ಎಲ್ಲರ ಮುಖವೂ ಪೆಚ್ಚಾಯಿತು. ಮುತ್ತೈದೆಯರು ಕೊಟ್ಟ ಕುಂಕುಮವನ್ನು ಸೋಪು ಹಾಕಿ ಉಜ್ಜಿ ತೆಗೆಯುವುದೇ? ನನಗೂ ಕೇಳಿದ ಮೇಲೆ ಅದು ಸರಿಯೆನ್ನಿಸಲಿಲ್ಲ. ಹೊಸ ಚೀಲ ಹೊಲಿಯಲು ಬಟ್ಟೆಯಿಲ್ಲ. ಮಾಧವಣ್ಣನ ಕೋಣೆ ನಾವೇ ಖಾಲಿ ಮಾಡಿದ್ದೆವು. ಮಳೆ ಬರುವ ದಿನ ಹತ್ತಿರವಾಗುತ್ತಿತ್ತು.

ಆಗ ಪೇಪರಿನ ಹಿಂದಿನಿಂದ ಕಾಕಾ ಮಾತಾಡಿದರು. ನಾನು ಅವರ ದನಿ ಕೇಳಿದ್ದು ಅದೇ ಮೊದಲು.

"ಗೌರಿ ಅಕ್ಷಯ ತೃತೀಯಕ್ಕೆ ಹೊರಡುತ್ತಾಳಲ್ಲ. ಅವಳ ಜೊತೆ ಇವಕ್ಕೂ ಉತ್ತರಪೂಜೆ ಮಾಡಿ. ಆಮೇಲೆ ಅದು ಬರೀ ಬಟ್ಟೆ."

ಹೆಂಗಸರು ಮುಖ ಮುಖ ನೋಡಿಕೊಂಡರು. "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದರು ಕಾಕು.

"ಯಾರು ಕೇಳಿದರು?" ಎಂದು ಪುಟ ತಿರುವಿದರು.

ಉತ್ತರಪೂಜೆ ನಮ್ಮಲ್ಲೂ ಉಂಟಲ್ಲ. ಗಣಪತಿಯನ್ನು ನೀರಿಗೆ ಬಿಡುವ ಮುಂಚೆ ಅಕ್ಷತೆ ಹಾಕಿ, ಕೂತಲ್ಲಿಂದ ಸ್ವಲ್ಪ ಕದಲಿಸುತ್ತೇವೆ. ಕದಲಿಸಿದ ಮೇಲೆ ದೇವರು ಹೊರಟ ಹಾಗೆ, ಉಳಿದದ್ದು ಮಣ್ಣು. ಇಷ್ಟು ದಿನ ನನಗೂ ಹೊಳೆದಿರಲಿಲ್ಲ.

ಅಕ್ಷಯ ತೃತೀಯದ ದಿನ ಎಲ್ಲರೂ ಚೀಲ ತಂದು ಗೌರಿಯ ಮುಂದೆ ಪೇರಿಸಿದರು. ಆರತಿ ಆಯಿತು. ಕಾಕು ಅಕ್ಷತೆ ಹಾಕಿ ಗೌರಿಯನ್ನು ಕದಲಿಸಿದರು. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಚೀಲಕ್ಕೆ ಅಕ್ಷತೆ ಹಾಕಿ ಒಂದು ಗೇಣು ಸರಿಸಿದರು.

"ಈಗ ಬೆಂಡೆಕಾಯಿ ಹಾಕಬಹುದಾ?" ಎಂದಳು ಜಸುಬೆನ್.

ಎಲ್ಲರೂ ಒಟ್ಟಿಗೇ ಹೊರಗೆ ಬಂದರು. ಭಯ್ಯಾ ಬರುತ್ತಿದ್ದ ಹೆಂಗಸರ ದಂಡು ನೋಡಿದ, ಚೀಲದ ಮೇಲಿನ ಮುದ್ರೆ ಓದಿದ. "ಎಲ್ಲರಿಗೂ ತೊಂಬತ್ತು ತೊಂಬತ್ತು ಕಿಲೋನಾ ತಾಯಿ? ನಾನು ಊರಿಗೆ ಹೋಗಿ ಬರ್ತೀನಿ, ತರೋಕೆ," ಎಂದ. ಆದರೂ ಬೆರಳು ನಾಲಿಗೆಗೆ ಹೋಯಿತು. ಕಾಕು ಅವನ ಕೈ ಹಿಡಿದು ನಿಲ್ಲಿಸಿ, ತಮ್ಮ ಚೀಲದ ಬಾಯಿ ಅಗಲಿಸಿದರು. ಅದರ ಮೂಲೆಯಲ್ಲಿ ಅರಿಶಿನ ಇನ್ನೂ ಹಳದಿಯಾಗಿತ್ತು. ಈರುಳ್ಳಿ ದಬದಬನೆ ಬಿದ್ದವು.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಮರೆತುಹೋಗುವುದೇ ದೊಡ್ಡ ಕಷ್ಟ. ವಿಶಾಲು ಎಷ್ಟೋ ಸಲ ಕೆಳಗಿನ ಮೆಟ್ಟಿಲಿನಿಂದ ಬಯ್ದುಕೊಳ್ಳುತ್ತಾ ವಾಪಸು ಹತ್ತಿದಳು. ಕೊನೆಗೆ ಬಾಗಿಲ ಹಿಂದಿನ ಆ ಮೊಳೆಯಿಂದ ಪ್ಲಾಸ್ಟಿಕ್ ಹೊಟ್ಟೆಯನ್ನು ಇಳಿಸಿ, ಬೀಗದ ಕೈ ಮತ್ತು ಚೀಲ ಎರಡನ್ನೂ ಒಟ್ಟಿಗೆ ತೂಗುಹಾಕಿದಳು. ಬೀಗದ ಕೈ ಮರೆಯುವ ಹಾಗಿಲ್ಲವಲ್ಲ. ಈ ಉಪಾಯ ಮನೆಯಿಂದ ಮನೆಗೆ ಹೋಯಿತು. ಮಧ್ಯಾಹ್ನದ ಥಪ್ ಸದ್ದು ಕಡಿಮೆಯಾಗುತ್ತಾ ಬಂತು. ಪೂರ್ತಿ ನಿಂತಿತೆನ್ನಲಾರೆ.

ದಹಿಸರ್, ಮಳೆ

ನಾನು ಮಳೆಗೆ ಮುಂಚೆಯೇ ಹೊರಡಬೇಕಿತ್ತು. ಯಜಮಾನರು ಪಕ್ಕದ ಮನೆಗೆ ಟ್ರಂಕ್ ಕಾಲ್ ಮಾಡಿದರು.

"ಯಾವಾಗ ಬರ್ತೀಯ? ನಿನ್ನ ತುಳಸಿಗೆ ನೀರು ಹಾಕಿ ಸಾಕಾಯ್ತು. ನೆನ್ನೆ ಸಾರಿನಪುಡೀಲಿ ಹುಳಿ ಮಾಡಿದೆ."

"ಚೀಟಿ ಇತ್ತಲ್ಲ."

"ಉದುರಿಹೋಯ್ತು."

"ಇನ್ನೊಂದು ಸ್ವಲ್ಪ ದಿನ. ಮಳೆ ನೋಡ್ಕೊಂಡು ಬರ್ತೀನಿ."

"ಮಳೆ ಇಲ್ಲೂ ಬರುತ್ತೆ ಕಣೇ," ಎಂದು ಇಟ್ಟರು.

ಮಳೆಗೆ ಮುಂಚೆ ಮುನಿಸಿಪಾಲಿಟಿಯ ಆಳುಗಳು ಬಂದು ಗಟಾರದ ಹೂಳು ಎತ್ತಿದರು. ಹಿಂದಿನ ವರ್ಷಗಳ ಚೀಲಗಳೆಲ್ಲ ಮೇಲೆ ಬಂದವು. ಕೆಂಪು, ಹಳದಿ, ನೀಲಿ. ಕೆಸರಿನೊಳಗೆ ಅಷ್ಟು ಕಾಲ ಬಿದ್ದಿದ್ದರೂ ಬಣ್ಣ ಮಾಸಿರಲಿಲ್ಲ. ಆಳುಗಳು ರಾಶಿಯನ್ನು ಗಟಾರದ ದಂಡೆಯಲ್ಲೇ ಬಿಟ್ಟು ಹೋದರು. ಮೊದಲ ಮಳೆಗೇ ಅದು ಮತ್ತೆ ಒಳಗೆ ಹೋಗುತ್ತದೆಂದು ಕಾಕಾ ಪೇಪರ್ ಮಡಚಿಟ್ಟು, ಮೂರ್ತಿಯನ್ನೂ ಉಳಿದ ಗಂಡಸರನ್ನೂ ಎಬ್ಬಿಸಿ, ಬುಟ್ಟಿಯಲ್ಲಿ ರಸ್ತೆಯ ಕಸದ ತೊಟ್ಟಿಗೆ ಸಾಗಿಸಿದರು. ಜಸುಬೆನ್ ಮಹಡಿಯಿಂದ ಅಷ್ಟೂ ಜನಕ್ಕೆ ಚಹಾ ಕಳಿಸಿದಳು.

ಮಳೆ ಬಂತು. ಮೊದಮೊದಲು ಬಂದದ್ದು ಮಳೆಯಲ್ಲ, ಪೀಠಿಕೆ. ಜೋರು ಮಳೆ ಬಂದ ದಿನ ಬೆಳಗಿನಿಂದ ಬಿಟ್ಟಿರಲಿಲ್ಲ. ಎದುರಿನ ಬಿಲ್ಡಿಂಗ್ ಕಾಣುತ್ತಿರಲಿಲ್ಲ. ಪೇಪರಿನಲ್ಲಿ ಅವತ್ತು ಸಂಜೆಗೆ ದೊಡ್ಡ ಭರತಿ ಎಂದು ಕಾಕಾ ಓದಿ ಹೇಳಿದರು. ಮೂರ್ತಿ ಬೇಗ ಮನೆಗೆ ಬಂದರು. ನಾವೆಲ್ಲ ಕಾಕು ಮನೆಗೆ ಇಳಿದೆವು. ಮಿಷನ್ನಿನ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟಾಗಿತ್ತು. ಅಕ್ಕಿ ಡಬ್ಬ ಅಟ್ಟ ಸೇರಿತ್ತು, ಆ ಎರಡು ಟ್ರಂಕುಗಳ ಪಕ್ಕದಲ್ಲೇ. ಕಾಕು ಹೊಸಿಲ ಹತ್ತಿರ ಮಣೆ ಹಾಕಿಕೊಂಡು ಕೂತು ಹೊರಗಿನ ಮೆಟ್ಟಿಲುಗಳನ್ನು ನೋಡುತ್ತಿದ್ದರು. ಮೂರು ಮೆಟ್ಟಿಲು.

ಕೆಳಗಿನದು ಮುಳುಗಿತು. ಸ್ವಲ್ಪ ಹೊತ್ತಿಗೆ ನಡುವಿನದರ ಮೇಲೆ ನೀರು ಹರಡಿತು. ವಿಶಾಲು ಕಾಕು ಪಕ್ಕದಲ್ಲಿ ಹೋಗಿ ಕೂತಳು. ಪಕ್ಕದ ಬಿಲ್ಡಿಂಗ್ ಕಡೆಯಿಂದ ಒಂದು ಗುಲಾಬಿ ಚೀಲ ಗಾಳಿ ತುಂಬಿಕೊಂಡು ತೇಲಿ ಬಂತು, ಅದರ ಹಿಂದೆ ಇನ್ನೊಂದು. ಸ್ಮಿತಾ ನೀರಿಗಿಳಿದು ಕೊಡೆಯ ಹಿಡಿಯಿಂದ ಎರಡನ್ನೂ ಎಳೆದುಕೊಂಡಳು. "ಇದು ನಮ್ಮದು ನಹೀ. ಬಾಜೂವಾಲೆ ಕಾ," ಎಂದಳು.

"ಅವರಿಗೂ ಹೊಲಿಯಬೇಕು," ಎಂದರು ಕಾಕು.

ಹಿಂದಿನಿಂದ ಸದ್ದು ಕೇಳಿಸಿತು. ಗಳಗಳ ಎಂದು, ದೊಡ್ಡ ತಂಬಿಗೆಯನ್ನು ಬೋರಲು ಹಾಕಿದಾಗ ನೀರು ಉಸಿರು ತೆಗೆದುಕೊಂಡು ಇಳಿಯುತ್ತದಲ್ಲ, ಹಾಗೆ. ಗಟಾರ ಹರಿಯುತ್ತಿತ್ತು. ಕಾಕಾ ಹಿಂದಿನ ಕಿಟಕಿಯ ಹತ್ತಿರ ಹೋಗಿ ನಿಂತರು. ಮಳೆ ಹಾಗೇ ಸುರಿಯುತ್ತಿತ್ತು. ನೀರು ಮೂರನೆಯ ಮೆಟ್ಟಿಲಿಗೆ ತಾಗಿ ತಾಗಿ ಹಿಂದೆ ಹೋಯಿತು, ಅದನ್ನು ದಾಟಲಿಲ್ಲ. ಭರತಿ ಇಳಿಯುವ ಹೊತ್ತಿಗೆ ನಡುವಿನ ಮೆಟ್ಟಿಲು ಮತ್ತೆ ಕಂಡಿತು. ಅದರ ಮೇಲೊಂದು ಬೆಂಡೆಕಾಯಿ ತೊಟ್ಟು ಕೂತಿತ್ತು.

ಕಾಕು ಎದ್ದು ಗೋಡೆಯ ಕಂದು ಗೆರೆಗಳ ಮೇಲೆ ಕೈಯಾಡಿಸಿ ನೋಡಿದರು. ಗೋಡೆ ಒಣಗಿತ್ತು. ಆಮೇಲೆ ಕಾಕಾನಿಗೆ ಹೇಳಿದರು: "ಅಕ್ಕಿ ಡಬ್ಬ ಇಳಿಸಿ. ಆ ಟ್ರಂಕುಗಳನ್ನೂ ಇಳಿಸಿ. ಹೊದಿಕೆಯೆಲ್ಲ ಅದರಲ್ಲೇ ಇದೆ, ಜನಕ್ಕೆ ಹಾಸೋಕೆ ಬೇಕು."

ಅಡಿಗೆ ಅಲ್ಲೇ ಆಯಿತು. ಕಾಕು ಕಡಲೆಹಿಟ್ಟಿನ ಪಿಠಲೆ ಮಗುಚಿದರು, ವಿಶಾಲು ಅನ್ನ ಮಾಡಿದಳು, ನಾನು ತಂದಿದ್ದ ಹುಳಿಪುಡಿ ಹಾಕಿ ನವಿಲುಚೀಲದಲ್ಲಿ ಉಳಿದಿದ್ದ ಬೆಂಡೆಕಾಯಿ, ಈರುಳ್ಳಿಯ ಹುಳಿ ಮಾಡಿದೆ. ಕಟ್ಟಿನಲ್ಲಿ ಉಳಿದಿದ್ದ ಹಪ್ಪಳವನ್ನೆಲ್ಲ ಕರಿದೆ. ಜಸುಬೆನ್ ಮೇಲಿನಿಂದ ಛುಂದಾ ಎಂಬ ಸಿಹಿ ಉಪ್ಪಿನಕಾಯಿ ತಂದಳು. ಮಾವಿನಕಾಯಿ ತುರಿದು ಸಕ್ಕರೆ ಹಾಕಿದ್ದು, ನಮ್ಮ ನಾಲಿಗೆಗೆ ಉಪ್ಪಿನಕಾಯಿ ಅನ್ನಿಸುವುದಿಲ್ಲ, ಆದರೆ ಹಪ್ಪಳಕ್ಕೆ ಚೆನ್ನಾಗಿತ್ತು. ಎಲ್ಲರೂ ನೆಲದ ಮೇಲೆ, ಒಣ ನೆಲದ ಮೇಲೆ ಕೂತು ಉಂಡೆವು.

ಮಳೆ ನಿಂತಿರಲಿಲ್ಲ. ಸರದಿಯ ಮೇಲೆ ಎದ್ದಿರೋಣ, ಮೊದಲು ನೀವು ಮಲಗಿ ಎಂದು ಒಬ್ಬರಿಗೊಬ್ಬರು ಹೇಳುತ್ತಾ ಹಾಸಿಗೆ ಹಾಸುತ್ತಿದ್ದೆವು. ತಿರುಗಿ ನೋಡಿದರೆ, ಎರಡು ಮಳೆಗಾಲ ಹೊಸಿಲಲ್ಲಿ ಕೂತು ನೀರು ಕಾದಿದ್ದ ಕಾಕು, ಮಿಷನ್ನಿಗೆ ತಲೆಯಾನಿಸಿ, ಕೈಯಲ್ಲಿ ಅರ್ಧ ಹಪ್ಪಳ ಇದ್ದ ಹಾಗೆಯೇ, ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದರು.